ಕೊತ್ತಂಬರಿ ಕೊಡದ ಅತ್ತಿಗೆ

ನಮ್ಮ ಅತ್ತಿಗೆ ತೂಕದಲ್ಲಿ ಮೋಸ ಮಾಡುತ್ತಾರೆ. ಗಾಬರಿಯಾಗಬೇಡಿ, ಗಿರಾಕಿಗಲ್ಲ, ತಮಗೇ! ತಕ್ಕಡಿ ಗಿರಾಕಿಯ ಕಡೆ ವಾಲದಿದ್ದರೆ ಅವರಿಗೆ ಸಮಾಧಾನವಿಲ್ಲ.

ಸಾಂತಾಕ್ರೂಜಿನ ನಮ್ಮ ಬಿಲ್ಡಿಂಗಿನ ಹೆಂಗಸರನ್ನು ಕಟ್ಟಿಕೊಂಡು, ಅವರು ಭಾನುವಾರ ಗೇಟಿನ ಬಳಿ ತರಕಾರಿ, ಹಣ್ಣು ಮಾರುತ್ತಾರೆ. ವಾಶಿ ಮಂಡಿಯಿಂದ ಬಂದ ತಾಜಾ ಮಾಲು. ಕೊಂಡ ಬೆಲೆಗೆ ಟೆಂಪೋ ಬಾಡಿಗೆ ಸೇರಿಸಿದರೆ ಮಾರುವ ಬೆಲೆ. ಬಿಲ್ಡಿಂಗಿನ ಹಿಂದಿರುವ ಬಡವರ ಚಾಳಿನ ಮಕ್ಕಳೂ ಹಣ್ಣು ತಿನ್ನಲಿ ಎಂಬ ಆಸೆ. ಲಾಭ? ಆ ಶಬ್ದ ಕೇಳಿದರೇ ಅತ್ತಿಗೆ ಮೂಗು ಮುರಿಯುತ್ತಾರೆ.

ನಮ್ಮ ಹಾಗೆ ಮಂಗಳೂರಿನವರೇ ಆದ ಡಾಕ್ಟರೊಬ್ಬರು ಒಮ್ಮೆ ಟೊಮೆಟೊಗಳನ್ನು ಒತ್ತಿ ಒತ್ತಿ ನೋಡುತ್ತಿದ್ದರು. "ಡಾಕ್ಟ್ರೇ, ಅದಕ್ಕೆ ಜ್ವರ ಇಲ್ಲ, ಬಿಡಿ!" ಎಂದುಬಿಟ್ಟರು ಅತ್ತಿಗೆ.

ಆದರೆ ಮುಂಬಯಿಯಲ್ಲಿ ತರಕಾರಿ ಕೊಂಡವರಿಗೆ ಒಂದು ಹಿಡಿ ಕೊತ್ತಂಬರಿ ಪುಕ್ಕಟೆ ಸಿಗಲೇಬೇಕು. ಅದೇನು ಬರೀ ಪದ್ಧತಿಯೇ? ಹಕ್ಕು! ಪಕ್ಕದ ಮನೆಯ ಮರಾಠಿ ಸೊಸೆ "ಕಾಕೀ, ಕೋಥಿಂಬೀರ್?" ಎಂದು ಕೈಚಾಚಿದರೆ ಅತ್ತಿಗೆಯದು ಒಂದೇ ಉತ್ತರ: "ಪೈಸಾ ದೇ, ಲೇ ಜಾ." ದುಡ್ಡು ಕೊಟ್ಟು ಒಯ್ಯಿ ಅಂತ!

"ಅದರ ಬೆಲೇನ ಟೊಮೆಟೊಗೆ ಸೇರಿಸಿ ಅತ್ತಿಗೆ. ಎಲ್ಲರೂ ಮಾಡೋದು ಅದನ್ನೇ" ಎಂದೆ.

"ಟೊಮೆಟೊ ತಗೊಂಡವರ ಹತ್ರ ಸುಳ್ಳು ಹೇಳ್ಬೇಕಾ? ನಿಂಗೆ ಎಂತ ಮರ್ಲಾ ಮಾರಾಯ, ತಲೆ ಸರಿ ಉಂಟಾ?"

ಅಗ್ಗದ ತರಕಾರಿ ಬಿಟ್ಟು ಜನ ಕೊತ್ತಂಬರಿಗಾಗಿ ಸ್ಟೇಷನ್ ಬಳಿಯ ಕೈಗಾಡಿಗೆ ನಡೆದರು. ಮಾಲು ಕೊಳೆಯತೊಡಗಿತು. ಬರುವ ಭಾನುವಾರವೂ ಉಳಿದರೆ ಮುಚ್ಚಿಬಿಡೋಣ ಎಂದರು ಜೊತೆಗಿದ್ದ ಹೆಂಗಸರು. ಅತ್ತಿಗೆ ಅಂದು ಊಟ ಮಾಡಲಿಲ್ಲ.

ಒಪ್ಪಿಕೊಂಡುಬಿಡುತ್ತೇನೆ: ಆ ಕೈಗಾಡಿಯ ಮುಂದೆ ನಾನೂ ನಿಂತಿದ್ದೆ! ನನ್ನ ಚೀಲದಿಂದ ಇಣುಕುತ್ತಿದ್ದ ಕೊತ್ತಂಬರಿಯನ್ನು ಅತ್ತಿಗೆ ಗೇಟಿನಲ್ಲೇ ಕಂಡರು. ಬೈದಿದ್ದರೆ ಚೆನ್ನಾಗಿತ್ತು; ಮುಖ ತಿರುಗಿಸಿ ಒಳಗೆ ನಡೆದರು.

ಭಾನುವಾರ ಬೆಳಿಗ್ಗೆ ನನ್ನ ದುಡ್ಡಿನಲ್ಲಿ ಕಟ್ಟುಗಟ್ಟಲೆ ಕೊತ್ತಂಬರಿ ಕೊಂಡು ಗೇಟಿನಾಚೆ ಬಿಸಿಲಿನಲ್ಲಿ ನಿಂತೆ. ಅತ್ತಿಗೆಯ ತರಕಾರಿ ಕೊಂಡು ಬಂದವರಿಗೆಲ್ಲ ಒಂದೊಂದು ಹಿಡಿ! ಸುದ್ದಿ ಚಾಳಿಗೂ ಹಬ್ಬಿತು. ಮಧ್ಯಾಹ್ನದ ಹೊತ್ತಿಗೆ ಬುಟ್ಟಿಗಳೆಲ್ಲ ಖಾಲಿ. "ಮುಂದಿನ ವಾರದ ಟೆಂಪೋಗೆ ಹೇಳಿ ಆಯ್ತು!" ಎಂದು ಹೆಂಗಸರು ಕೂಗಿದಾಗ ನನಗೆ ಸಮಾಧಾನವಾಯಿತು.

ಅತ್ತಿಗೆ ಹತ್ತಿರ ಬಂದರು.

"ಇದು ಯಾರ ದುಡ್ಡು?"

"ನಂದೇ."

"ಹಾಗಾದ್ರೆ ಪುಕ್ಕಟೆ ಅಲ್ಲ. ಯಾರ ಹತ್ರವೂ ಸುಳ್ಳು ಹೇಳಿದ ಹಾಗೂ ಆಗ್ಲಿಲ್ಲ."

ಖಾಲಿ ಕ್ರೇಟೊಂದನ್ನು ಬೋರಲು ಹಾಕಿ, ಸೆರಗಿನಿಂದ ಅದರ ಮಣ್ಣೊರೆಸಿದರು.

"ಕೂತ್ಕೋ ಮಾರಾಯ. ಈ ಪ್ರಾಯದಲ್ಲಿ ಹೀಗೆ ನಿಂತ್ರೆ ಮೊಣಗಂಟು ಉಳೀತದಾ? ಬರುವ ವಾರ ಒಳಗೇ ಬಾ. ನನ್ನ ಪಕ್ಕ ನೆರಳುಂಟು."