ಗೋಲ್‌ಕಂಬದ ನಾಗರಿಕ

ಅರ್ಸೇಸಿಯೊ: ನಾಟಕ ಮುಗೀತು ಕಣಮ್ಮ ಯುರಾನಿ, ಕೋಳ ಬಿಚ್ಚು.

ಯುರಾನಿ: ಅಲುಗಾಡಬೇಡಿ, ನಾಗರಿಕರೇ.

ಅರ್ಸೇಸಿಯೊ: ನಾಗರಿಕ ಅಂತೆ! ಮಾರ್ಚ್‌ನಲ್ಲಿ ಸೇರಿದಾಗ ‘ತಾತ, ನೋವಾಯ್ತಾ?’ ಅಂತ ಕೇಳಿದವಳು ನೀನೇ ತಾನೆ? ನಿನ್ನ ಗಿಣ್ಣಿನ ಬನ್ನಲ್ಲಿ ಅರ್ಧ ಮುರಿದು ಕೊಟ್ಟಿರಲಿಲ್ವಾ?

ಯುರಾನಿ: ಅದು ಮಾರ್ಚ್. ಆಗ ನಂಗೇನೂ ಗೊತ್ತಿರಲಿಲ್ಲ.

ಅರ್ಸೇಸಿಯೊ: ಈಗೇನು ಗೊತ್ತಾಯ್ತು?

ಯುರಾನಿ: ಅಪರಾಧಿ ಯಾವತ್ತೂ ನಿಜ ಹೇಳಲ್ಲ. ನಮ್ಮ ತರಬೇತಿ ಪುಸ್ತಕ, ಎರಡನೇ ಅಧ್ಯಾಯ.

ನಮ್ಮ ಕೊಲಂಬಿಯಾದಲ್ಲಿ ಪೊಲೀಸರು ಯಾರನ್ನಾದರೂ ‘ನಾಗರಿಕರೇ’ ಎಂದು ಕರೆದರೆ ಆತ ಸಿಕ್ಕಿಬಿದ್ದ ಎಂದೇ ಅರ್ಥ. ಅರ್ಸೇಸಿಯೊ ನನ್ನ ಗೆಳೆಯ. ಊರಾಚೆಯ ಪೊಲೀಸ್ ತರಬೇತಿ ಶಾಲೆಯಲ್ಲಿ ಹನ್ನೊಂದು ವರ್ಷ ಕಳ್ಳನ ಪಾತ್ರ ಮಾಡಿದ. ಹೊಸಬರು ಅವನನ್ನು ಹಿಡಿದು ಹಿಡಿದೇ ಕಲಿತರು. ಅವನನ್ನು ಮಣ್ಣು ಮಾಡಿ ಹತ್ತು ದಿನವಾಯಿತು. ಸತ್ತವರಿಗಾಗಿ ಮನೆಯಲ್ಲಿ ಮಾಡುವ ಒಂಬತ್ತು ದಿನದ ಜಪ ನಿನ್ನೆ ಮುಗಿಯಿತು. ಅವನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದು ಮನೆಯವರು ಕೇಳಿದ್ದಾರೆ. ನನಗೆ ನೆನಪಾಗುವುದು ಬರೀ ಆ ಒಂದು ಮಧ್ಯಾಹ್ನ.

ಅಂದು ಯುರಾನಿಗೆ ಕೊನೆಯ ಪರೀಕ್ಷೆ. ಅವಳು ಅವನನ್ನು ಮೈದಾನದ ಗೋಲ್‌ಕಂಬಕ್ಕೆ ಕೋಳ ಹಾಕಿ ನಿಲ್ಲಿಸಿದ್ದಳು. ಮುಗಿಯಿತು ಎಂದು ಸೀಟಿ ಊದಬೇಕಾಗಿದ್ದ ಸಾರ್ಜೆಂಟ್ ಮೊಸ್ಕೆರಾ ಅದನ್ನು ಮರೆತು ಊಟಕ್ಕೆ ಹೋಗಿದ್ದರು. ಎರಡು ಗಂಟೆಗೆ ಪೇಟೆಯ ಆಸ್ಪತ್ರೆಯಲ್ಲಿ ಅರ್ಸೇಸಿಯೊನನ್ನು ಹೃದಯದ ಡಾಕ್ಟರು ನೋಡುವವರಿದ್ದರು. ನಾಲ್ಕು ತಿಂಗಳು ಕಾದು ಸಿಕ್ಕಿದ ಸರದಿ. ಹನ್ನೆರಡೂವರೆಯ ಬಸ್ಸು ತಪ್ಪಿದರೆ ಮತ್ತೆ ಮೊದಲಿನಿಂದ ಕಾಯಬೇಕು. ನಾನು ಅವನನ್ನು ಕರೆದೊಯ್ಯಲು ಬಂದಿದ್ದೆ.

ನಾನು: ಇವನಿಗೆ ನಿಜವಾಗಲೂ ಆಸ್ಪತ್ರೆಗೆ ಹೋಗೋದಿದೆಯಮ್ಮ. ಎದೆ ಸರಿಯಿಲ್ಲ.

ಯುರಾನಿ: ನೀವ್ಯಾರು?

ನಾನು: ಇವನ ಗೆಳೆಯ.

ಯುರಾನಿ: (ಬರೆದುಕೊಳ್ಳುತ್ತ) ಸಹಚರ.

ನಾನು: ಸಹಚರ ಅಲ್ಲಮ್ಮ, ಮೇಷ್ಟ್ರು! ಮೂವತ್ತು ವರ್ಷ ನೀತಿಪಾಠ ಹೇಳಿದ್ದೀನಿ.

ಯುರಾನಿ: ಸಭ್ಯ ವೇಷದ ಸಹಚರ. ನಾಲ್ಕನೇ ಅಧ್ಯಾಯ.

ಅರ್ಸೇಸಿಯೊ: ಮೇಷ್ಟ್ರೇ, ನೀವು ಬಾಯಿ ಬಿಟ್ಟಷ್ಟೂ ನಂಗೆ ಶಿಕ್ಷೆ ಜಾಸ್ತಿ ಆಗ್ತಿದೆ. ಮಗಳೇ, ಅಂಗಿ ಜೇಬಲ್ಲಿ ಆಸ್ಪತ್ರೆ ಚೀಟಿ ಇದೆ, ನೋಡು.

ಯುರಾನಿ: (ಚೀಟಿಯನ್ನು ಬಿಸಿಲಿಗೆ ಹಿಡಿದು) ಸಹಿ, ಮೊಹರು... ಎಷ್ಟು ಚೆನ್ನಾಗಿ ಮಾಡ್ಸಿದ್ದೀರಿ!

ಅರ್ಸೇಸಿಯೊ: ಮಾಡ್ಸೋಕೆ ಆಗೋ ಹಾಗಿದ್ರೆ ನಾಲ್ಕು ತಿಂಗಳು ಯಾಕಮ್ಮ ಕಾಯ್ತಿದ್ದೆ?

ಯುರಾನಿ: ತಾತ... (ನಾಲಿಗೆ ಕಚ್ಚಿಕೊಂಡು) ನಾಗರಿಕರೇ, ಹೋದ ಸಲ ಒಬ್ಬ ಅಯ್ಯೋ ಪಾಪ ಅಂತ ಬಿಚ್ಚಿದ. ಸಾರ್ಜೆಂಟ್ ಮರದ ಹಿಂದಿಂದ ಬಂದ್ರು. ಈಗ ಅವನು ಬೆಣ್ಣೆಹಣ್ಣು ಮಾರ್ತಿದ್ದಾನೆ.

ಅರ್ಸೇಸಿಯೊ: ಇವತ್ತು ಆ ಭಯ ಬೇಡ. ಊಟ ಮಾಡಿದ ಮೇಲೆ ಅವರು ಯಾವ ಮರದ ಹಿಂದೂ ಹಿಡಿಸಲ್ಲ.

ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಅರ್ಸೇಸಿಯೊ ಕಣ್ಣು ಮುಚ್ಚಿದ. ಎದೆನೋವು ಬಂತೇನೋ ಎಂದು ನಾನು ಹೆದರಿದೆ. ಅವನು ಯೋಚಿಸುತ್ತಿದ್ದ.

ಅರ್ಸೇಸಿಯೊ: ಸರಿ, ಒಪ್ಕೋತೀನಿ. ನಾನು ಕಳ್ಳ.

ಯುರಾನಿ: ಏನಂದ್ರಿ?

ಅರ್ಸೇಸಿಯೊ: ಹುಟ್ಟಾ ಕಳ್ಳ ಕಣಮ್ಮ. ಬೆಳಿಗ್ಗೆ ನಿನ್ನ ಪರೀಕ್ಷೆಗೆ ಅಂತ ಇಟ್ಟಿದ್ದ ಸೈಕಲ್ ಕದ್ದಿದ್ದು ನಾನೇ. ಬೇಕಾದ್ರೆ ಮೇಷ್ಟ್ರ ಕನ್ನಡಕಾನೂ ಕದ್ದಿದ್ದೀನಿ ಅಂತ ಬರ್ಕೋ.

ಯುರಾನಿ: (ಗಲಿಬಿಲಿಯಿಂದ ಪುಸ್ತಕ ತಿರುವುತ್ತ) ಕಳ್ಳ ಆದವನು ಹಾಗೆ ಹೇಳಲ್ಲವಲ್ಲ...

ಅರ್ಸೇಸಿಯೊ: ಅಂದ್ರೆ?

ಯುರಾನಿ: ಅಂದ್ರೆ ನೀವು ಸುಳ್ಳು ಹೇಳ್ತಿದ್ದೀರಿ.

ಅರ್ಸೇಸಿಯೊ: ನಾನು ಕಳ್ಳ ಅನ್ನೋದು ಸುಳ್ಳು?

ಯುರಾನಿ: ಹೂಂ, ಸುಳ್ಳು.

ಅರ್ಸೇಸಿಯೊ: ಹಾಗಾದ್ರೆ ಕಳ್ಳ ಅಲ್ಲದವನ ಕೈಗೆ ಕೋಳ ಯಾಕಮ್ಮ?

ಯುರಾನಿ ಊಟದ ಮನೆಯ ಕಡೆ ನೋಡಿದಳು, ಪುಸ್ತಕ ನೋಡಿದಳು. ಬೀಗದ ಕೈ ತೆಗೆದು ಕೋಳ ಬಿಚ್ಚಿದಳು. ಇಂಥದೊಂದು ನೆಪಕ್ಕೇ ಕಾಯುತ್ತಿದ್ದಳೋ ಏನೋ. ಅರ್ಸೇಸಿಯೊ ಚೀಟಿ ಕಿತ್ತುಕೊಂಡು ಗೇಟಿನ ಕಡೆ ಹೊರಟೇಬಿಟ್ಟ.

ಯುರಾನಿ: ಆದ್ರೆ ಸಾರ್ಜೆಂಟ್ ಬಂದಾಗ ಕೋಳದಲ್ಲಿ ಯಾರಾದ್ರೂ ಇರ್ಬೇಕಲ್ಲ. ಮೇಷ್ಟ್ರೇ, ನೀವು ಕಳ್ಳರಾ?

ನಾನು: ಛೆ ಛೆ! ಅಲ್ಲಮ್ಮ!

ಯುರಾನಿ: ಎಲ್ಲರೂ ಹಾಗೇ ಹೇಳೋದು.

ಟಕ್ ಎಂದಿತು. ಈಗ ಕಂಬಕ್ಕೆ ನಾನು.

ಅರ್ಸೇಸಿಯೊ: (ಬಸ್ಸಿನ ಮೆಟ್ಟಿಲಿಂದ ಕೂಗಿ) ಒಪ್ಕೊಂಡ್ಬಿಡಿ ಮೇಷ್ಟ್ರೇ! ಒಪ್ಕೊಂಡ್ರೆ ಬಿಡ್ತಾಳೆ!

ಮೂವತ್ತು ವರ್ಷ ನೀತಿಪಾಠ ಹೇಳಿದ ಬಾಯಿಗೆ ಆ ಸುಳ್ಳು ಬರಲಿಲ್ಲ. ಅವನು ನಗುತ್ತಲೇ ಇದ್ದ. ಬಸ್ಸು ಅವನನ್ನು ಕರೆದುಕೊಂಡು ಹೋಯಿತು. ಆ ಬಸ್ಸು ಸಿಕ್ಕಿದ್ದರಿಂದ, ಆ ಡಾಕ್ಟರ ಮಾತ್ರೆಯಿಂದ, ಅವನು ನಮಗೆ ಇನ್ನೂ ಮೂರು ವರ್ಷ ಸಿಕ್ಕ.

ಸಾರ್ಜೆಂಟ್ ಮೊಸ್ಕೆರಾ ಹಲ್ಲಿಗೆ ಕಡ್ಡಿ ಹಾಕಿಕೊಂಡು ಬಂದಾಗ ಎರಡು ಗಂಟೆ.

ಸಾರ್ಜೆಂಟ್: ಅರ್ಸೇಸಿಯೊ ಎಲ್ಲಿ?

ಯುರಾನಿ: ವಿಚಾರಣೆ ಮಾಡಿದೆ ಸರ್. ನಿರಪರಾಧಿ. ಬಿಟ್ಟೆ.

ಸಾರ್ಜೆಂಟ್: ಮತ್ತೆ ಈತ?

ಯುರಾನಿ: ನೀತಿಪಾಠದ ಮೇಷ್ಟ್ರು ಅಂತಾರೆ ಸರ್.

ಸಾರ್ಜೆಂಟ್: (ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ) ನೀನು ನಂಬಿದ್ಯಾ?

ಯುರಾನಿ: ಇಲ್ಲ ಸರ್.

ಸಾರ್ಜೆಂಟ್: ಶಾಭಾಶ್! ಪೂರ್ತಿ ಅಂಕ.