ಸುನಂದಮ್ಮನ ಹುರುಳಿ ಬಸ್ಸಾರು

"ಅಂಗಾದ್ರೆ ನೀವೇ ಮಾಡಿ ಮಾವ" ಎಂದು ಸೊಸೆ ಸೌಟು ಕೈಗೆ ಕೊಟ್ಟಳು. ಭೇರ್ಯದ ತಿಮ್ಮಯ್ಯನ ದಿನ ಕೆಟ್ಟಿದ್ದು ಅಲ್ಲಿಂದ.

ಹೆಂಡತಿ ಸುನಂದಮ್ಮ ತೀರಿಕೊಂಡ ಮೇಲೆ ಬಂದ ಮೊದಲ ಪಿತೃಪಕ್ಷ. ಸಂಜೆ ಅವಳಿಗೆ ಎಡೆ ಇಡಬೇಕು. ಎಡೆಯಲ್ಲಿ ಅವಳದೇ ರುಚಿಯ ಹುರುಳಿ ಬಸ್ಸಾರು ಇರಬೇಕು. ನಿಜಕ್ಕೂ ಎಡೆ ಒಂದು ನೆಪ. ಆ ರುಚಿ ನಾಲಿಗೆಗೆ ಸಿಕ್ಕರೆ, ಅವಳು ಒಳಗೆ ಒಲೆ ಮುಂದೆ ಇದ್ದಾಳೆಂದು ಒಂದು ಊಟದ ಹೊತ್ತಾದರೂ ನಂಬಬಹುದು ಎಂಬುದು ತಿಮ್ಮಯ್ಯನ ಆಸೆ. ಸೊಸೆ ಹೇಗೆ ಮಾಡಿದರೂ "ಅದಲ್ಲ ಕಣವ್ವ" ಎನ್ನುತ್ತಿದ್ದ.

ಮೆಣಸಿನಕಾಯಿ, ಕೊತ್ತಂಬರಿ ಬೀಜ ಹುರಿದುಕೊಂಡು ಮಿಲ್ಲಿಗೆ ಹೋದ. ಅಲ್ಲಿ ಸರದಿಗೆ ಕಾಯುತ್ತಿದ್ದ ಪಕ್ಕದ ಮನೆಯ ಭಾಗ್ಯಮ್ಮ ಡಬ್ಬದೊಳಕ್ಕೆ ಇಣುಕಿದಳು.

"ಇಷ್ಟೇಯಾ? ಸುನಂದಕ್ಕನ ಸಾರು ಉಂಡ್ರೆ ಕಿವೀಲಿ ಹೊಗೆ ಬತ್ತಿತ್ತು ಕಣಣ್ಣ!" ಎನ್ನುತ್ತ ತನ್ನ ಚೀಲದಿಂದ ಎರಡು ಹಿಡಿ ಗುಂಟೂರು ಮೆಣಸಿನಕಾಯಿ ಸುರಿದಳು.

"ಕಾಳುಮೆಣಸೂ ಬೇಕು ಯಜಮಾನ್ರೇ. ನಮ್ಮಮ್ಮಂಗೆ ಅವರೇ ಹೇಳ್ಕೊಟ್ಟಿದ್ದು" ಎಂದು ಮಿಲ್ಲಿನ ಅರ್ಷದ್ ಇನ್ನೊಂದು ಹಿಡಿ ಸೇರಿಸಿದ.

ಮಿಷನ್ ತಿರುಗಿದ್ದೇ ತಡ, ಸಾಲಿನಲ್ಲಿದ್ದವರೆಲ್ಲ ಪಟಾಕಿ ಸರದಂತೆ ಸೀನತೊಡಗಿದರು. ಕಣ್ಣುಜ್ಜುತ್ತಿದ್ದ ಅರ್ಷದ್, ಹಿಂದೆ ನಿಂತಿದ್ದ ಗೆಳೆಯ ಪ್ರಭುಸ್ವಾಮಿಯ ರಾಗಿಯನ್ನೂ ಖಾರದ ಮಿಷನ್ನಿಗೇ ಸುರಿದುಬಿಟ್ಟ.

"ಲೇ ತಿಮ್ಮ, ಈ ಇಟ್ಟಲ್ಲಿ ಮುದ್ದೆ ಕಟ್ಟಿದ್ರೆ ಸಾರೇ ಬ್ಯಾಡ ಕಣ್ಲಾ!" ಎಂದು ಪ್ರಭುಸ್ವಾಮಿ ರೇಗಿದ.

"ಬುಡೋ, ಸಂಜೆ ನಮ್ಮನೇಲೇ ಉಣ್ಣುವಂತೆ" ಎಂದು ತಿಮ್ಮಯ್ಯ ಪಾರಾದ.

ಸಂಜೆ ಎಡೆ ಇಟ್ಟು, ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ, ತೆರೆದು, ಎಲ್ಲರೂ ಕೂತರು. ಮೊಮ್ಮಗಳು ಅನುಶ್ರೀ ಮೊದಲ ತುತ್ತಿಗೇ ಕೂಗಿದಳು: "ತಾತ, ಅಜ್ಜಿ ಸಾರೇ!"

ಮಗ ಕಾಂತರಾಜು ಮುಖ ಆ ಕಡೆ ತಿರುಗಿಸಿ ಕಣ್ಣೊರೆಸಿಕೊಂಡ. ಭಾಗ್ಯಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಪ್ರಭುಸ್ವಾಮಿ ಇನ್ನಷ್ಟು ಸಾರಿಗೆ ತಟ್ಟೆ ಮುಂದೆ ಚಾಚಿದ.

ತಿಮ್ಮಯ್ಯ ಆಸೆಯಿಂದ ಮುದ್ದೆ ಅದ್ದಿ ನುಂಗಿದ. ಕೆಂಡ ನುಂಗಿದಂತಾಯಿತು. ಚೊಂಬು ನೀರು ಖಾಲಿ ಮಾಡಿ, "ಇದಲ್ಲ! ಅವಳ ಸಾರು ನಾನು ಮೂರು ಸಲ ಬಡಿಸ್ಕೊತಿದ್ದೆ" ಎಂದ.

ಸೊಸೆ ಮೆಲ್ಲಗೆ ಹೇಳಿದಳು: "ಮಾವ, ನಿಮ್ಮ ಹೊಟ್ಟೆ ಹುಣ್ಣಿಗೆ ಡಾಕ್ಟ್ರು ಖಾರ ಬ್ಯಾಡ ಅಂದಿದ್ರಲ್ಲ. ನೀವು ಸಪ್ಪೆ ಸಾರು ಮುಟ್ತಿರ್ಲಿಲ್ಲ. ಅದ್ಕೆ ಅತ್ತೆ ನಿಮಗೊಬ್ಬರಿಗೇ ಸಣ್ಣ ಪಾತ್ರೇಲಿ ಬ್ಯಾರೆ ಮಾಡೋರು. ಬಣ್ಣಕ್ಕೆ ಬ್ಯಾಡಗಿ ಹಾಕಿ. ಯೇಳ್ಬ್ಯಾಡ ಅಂತ ನಂಗೆ ಆಣೆ ಇಟ್ಟಿದ್ರು."

"ಅದಕ್ಕೆ ಇನ್ನೇನು ಆಕ್ತಿದ್ಲು?"

"ನಾನೂ ಖಾರ ಕಮ್ಮಿ ಮಾಡಿ ನೋಡ್ದೆ, ನೀವು ಅದಲ್ಲ ಅಂದ್ರಿ. ಅದನ್ನ ಉಂಡಿರೋರು ನೀವೊಬ್ರೇ. ಹೆಂಗಿರ್ತಿತ್ತು, ಯೇಳಿ ಮಾವ. ನಾಳೆ ಮಾಡ್ತೀನಿ."

ಎಲ್ಲರೂ ಉಣ್ಣುವುದು ಬಿಟ್ಟು ತಿಮ್ಮಯ್ಯನ ಬಾಯಿಯನ್ನೇ ನೋಡಿದರು. ಅವನು ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿದ.

"ಬಿಸಿಯಾಗಿರ್ತಿತ್ತು ಕಣವ್ವ" ಎಂದ.