ಟಗರು ನಂದಲ್ಲರಿ

ಇಷ್ಟೆಲ್ಲ ರಗಳೆಗೆ ಮೂಲ ಬಾಲರಾಜನ ಬೂಟಿನ ಲೇಸು. ಅದು ಬಿಚ್ಚಿಕೊಂಡಿತ್ತು. ಪಕ್ಕದಲ್ಲೇ ಕಟ್ಟೆ ಇತ್ತು, ಕುಳಿತು ಕಟ್ಟಿಕೊಳ್ಳಬಹುದಿತ್ತು. ಆದರೆ ಅವನು ಬೆಳಿಗ್ಗೆ ಏಳು ಗಂಟೆಗೆ, ಊರದೇವತೆ ಸುಂಕುಲಮ್ಮನ ಗುಡಿಯ ಎದುರಿಗೆ, ಟಗರಿಗೆ ಬೆನ್ನು ಮಾಡಿ ನಡುರಸ್ತೆಯಲ್ಲೇ ಬಗ್ಗಿದ.

ಬಾಲರಾಜ ಗ್ರಾಮ ಸಚಿವಾಲಯದ, ಅಂದರೆ ಊರಿನ ಸರಕಾರಿ ಆಫೀಸಿನ, ಇಂಜಿನಿಯರಿಂಗ್ ಅಸಿಸ್ಟೆಂಟು. ನಂದ್ಯಾಲದ ಕಡೆಯವನು. ಆಂಧ್ರದ ಗಡಿಯ ಆಸ್ಪರಿ ಸೀಮೆಯ, ಕನ್ನಡ ಮಾತಾಡುವ ಈ ಹಳ್ಳಿಗೆ ಬಂದು ಎರಡು ತಿಂಗಳಾಗಿತ್ತು ಅಷ್ಟೆ. ಊರಿನ ಹಸುಗೂಸಿಗೂ ಗೊತ್ತಿದ್ದ ಒಂದು ಸಂಗತಿ ಅವನಿಗೆ ಯಾರೂ ಹೇಳಿರಲಿಲ್ಲ: ಆ ಟಗರಿನ ಮುಂದೆ ಬಗ್ಗಬಾರದು. ಬಗ್ಗಿದವರನ್ನು ಅದು ಇನ್ನೊಂದು ಟಗರು ಎಂದೇ ತಿಳಿಯುತ್ತಿತ್ತು. ಹತ್ತು ಹೆಜ್ಜೆ ಹಿಂದಕ್ಕೆ ಸರಿಯಿತು, ತಲೆ ತಗ್ಗಿಸಿತು, ಬಂತು. ಬಾಲರಾಜ ಕೈಯಲ್ಲಿ ಲೇಸು ಹಿಡಿದುಕೊಂಡೇ ಚರಂಡಿ ಸೇರಿದ.

ಟಗರು ಸುಂಕೇಶನ ಮನೆಯದು. ಹಾಗೆ ಹೇಳುವುದು ಸರಿಯೋ ತಪ್ಪೋ ಎಂಬುದರ ಮೇಲೇ ಆವತ್ತಿನ ದಿನವೆಲ್ಲ ನಡೆಯಿತು. ಮೂರು ವರ್ಷದ ಕೆಳಗೆ ಹೆಂಡತಿ ಶಿವಲೀಲಾಳಿಗೆ ಜ್ವರ ಬಂದು ಇಳಿಯದೇ ಹೋದಾಗ ಸುಂಕೇಶ ಹರಕೆ ಹೊತ್ತು, ತನ್ನ ಕುರಿಹಿಂಡಿನಲ್ಲೇ ಚೆಂದದ ಮರಿಯನ್ನು ಆರಿಸಿ, ಕೊರಳಿಗೆ ಅರಿಶಿಣದ ದಾರ ಕಟ್ಟಿ ಅಮ್ಮನ ಹೆಸರಿನಲ್ಲಿ ಬಿಟ್ಟಿದ್ದ. ಹಾಗೆ ಬಿಟ್ಟ ಟಗರನ್ನು ಯಾರೂ ಕಟ್ಟುವಂತಿಲ್ಲ, ಹೊಡೆಯುವಂತಿಲ್ಲ. ಯಾರ ಅಂಗಳದ ಜೋಳಕ್ಕೆ ಬಾಯಿ ಹಾಕಿದರೂ ಮನೆಯವರು ಕೈಮುಗಿದು ಇನ್ನೊಂದು ಬೊಗಸೆ ಸುರಿಯಬೇಕು. ಊರೆಲ್ಲ ಸೇರಿ ಮೇಯಿಸಿದ್ದಕ್ಕೆ ಅದು ಕೊಬ್ಬಿ ಕರೀ ಗುಂಡಿನಂತಾಗಿತ್ತು. ಸುಂಕೇಶ ಮಾತ್ರ ಮೀಸೆಯ ಮೇಲೆ ಕೈಯಾಡಿಸುತ್ತ "ನಮ್ಮ ಟಗರು" ಎಂದು ಹೇಳಿಕೊಂಡು ತಿರುಗುತ್ತಿದ್ದ.

ಅದೂ ಆ ದಿನವೇ ಗುದ್ದಬೇಕೆ? ಊರಿನ ರೇಷನ್ ಸ್ಟೋರಿಗೆ ಹೊಸ ಡೀಲರನ್ನು ನೇಮಿಸುವುದಿತ್ತು. ಪಟ್ಟಿಯಲ್ಲಿ ಮೊದಲ ಹೆಸರು ಸುಂಕೇಶನದು. ಬಾಕಿ ಇದ್ದದ್ದು ಒಂದೇ ಕಾಗದ, 'ಈತನ ಮೇಲೆ ಯಾವ ಕೇಸೂ ಇಲ್ಲ' ಎಂಬ ಪೊಲೀಸ್ ಸರ್ಟಿಫಿಕೇಟು. ಅದನ್ನು ಆವತ್ತು ಸಂಜೆ ಐದರೊಳಗೆ ಆಸ್ಪರಿಯ ಮಂಡಲ ಆಫೀಸಿಗೆ ಮುಟ್ಟಿಸಬೇಕಿತ್ತು. ಇಪ್ಪತ್ತು ವರ್ಷ ಕುರಿಗಳ ಹಿಂದೆ ಬಿಸಿಲಲ್ಲಿ ಅಲೆದು ಮೊಣಕಾಲು ಸವೆಸಿಕೊಂಡ ಮನುಷ್ಯ ಪಾಪ. ಫ್ಯಾನಿನ ಕೆಳಗೆ ಕುಳಿತು ಅಕ್ಕಿ ತೂಗುವ ಕನಸು ಕಂಡಿದ್ದರೆ ಅದು ದುರಾಸೆಯೇನಲ್ಲ.

ಸುದ್ದಿ ತಂದವನು ಪಕ್ಕದ ಮನೆಯ ಜಂಬಯ್ಯ. ಆದೋನಿ ಕೋರ್ಟಿನಲ್ಲಿ ಮೂವತ್ತು ವರ್ಷ ಅಟೆಂಡರಾಗಿದ್ದು ರಿಟೈರಾದವನು. ಅಷ್ಟು ವರ್ಷ ಬಾಗಿಲ ಬಳಿ ನಿಂತು ವಕೀಲರ ವಾದ ಕೇಳಿದ್ದರಿಂದ ತಾನೂ ಅರ್ಧ ವಕೀಲ ಎಂಬುದು ಅವನ ನಂಬಿಕೆ. ಉಳಿದರ್ಧ ವಕೀಲರಿಗೇ ಗೊತ್ತಿಲ್ಲ ಎಂಬುದು ಇನ್ನೊಂದು ನಂಬಿಕೆ.

"ಕೆಟ್ಟೆಲೋ ಸುಂಕೇಶಾ! ಬಾಲರಾಜ ಸಾರು ಸ್ಟೇಷನ್ನಿಗೆ ಹೊಂಟಾನ. ಆಟೋದಾಗ ಕುಂದರಾಕ ಬರವಲ್ದು, ಜೋತುಬಿದ್ದು ನಿಂತ್ಕೊಂಡೇ ಹೊಂಟಾನ."

ಸುಂಕೇಶ ಎದ್ದು ನಿಂತ. "ಸರ್ಟಿಫಿಕೇಟು?" ಎಂದ.

"ಕೇಸಾದ ಮ್ಯಾಲ ಎಲ್ಲಿ ಸರ್ಟಿಫಿಕೇಟು?"

ಶಿವಲೀಲಾ ರೊಟ್ಟಿ ಬಡಿಯುತ್ತಿದ್ದವಳು ಒಳಗಿಂದಲೇ ಹೇಳಿದಳು: "ಲಗೂನ ಹೋಗಿ ತಪ್ಪಾತು ಸಾರ್ ಅನ್ರಿ. ದವಾಖಾನಿಗೆ ಕರ್ಕೊಂಡು ಹೋಗಿ ತೋರಿಸ್ರಿ. ಅಲ್ಲಿಗೆ ಮುಗೀತೈತಿ."

"ಏ ತಂಗಿ, ತಪ್ಪಾತು ಅಂದ್ರ ತಪ್ಪೊಪ್ಪಿಗಿ ಆಕ್ಕೈತಿ!" ಜಂಬಯ್ಯ ಗಾಬರಿಯಾದ. "ಮೊದಲ ಮಾಲು ಕಾಣಬಾರದು, ಟಗರು ಮಾರಿಬಿಡಬೇಕು. ಮಾಲಿಲ್ಲದ ಕೇಸು ಇಲ್ಲೀತನ ಒಂದಾದ್ರೂ ನಿಂತದ್ದು ನಾ ನೋಡಿಲ್ಲ."

ಊರ ಮುಂದೆ ಕುರಿ ವ್ಯಾಪಾರಿ ಅಂಜಿನಪ್ಪನ ಗೂಡ್ಸ್ ಆಟೋ ಆದೋನಿಗೆ ಹೊರಡಲು ನಿಂತಿತ್ತು. ಸುಂಕೇಶ ಬೆಲ್ಲ ತೋರಿಸಿ ಟಗರನ್ನು ಕರೆದ. ಗುದ್ದಿದ ಖುಷಿಯಲ್ಲಿದ್ದ ಅದು ಪಾಪ, ನಂಬಿ ಬಂತು. ದಾರ ಬಿಚ್ಚಿ, ಅಂಜಿನಪ್ಪ ಕೊಟ್ಟಷ್ಟಕ್ಕೆ ಕೊಟ್ಟು, ಆಟೋ ತಿರುವಿನಲ್ಲಿ ಮರೆಯಾಗುವ ತನಕ ನೋಡಿದ. ಅಷ್ಟರಲ್ಲಿ ಸ್ಟೇಷನ್ನಿನಿಂದ ಫೋನು ಬಂತು.

ಠಾಣೆಯಲ್ಲಿ ಎಸ್ಸೈ ಉಮಾಮಹೇಶ್ವರಿ ಮೇಡಂ ಕುರ್ಚಿಯಲ್ಲಿದ್ದರು. ಬಾಲರಾಜ ಗೋಡೆಗೆ ಭುಜ ಕೊಟ್ಟು ನಿಂತಿದ್ದ. ಸುಂಕೇಶ ಒಳಗೆ ಬಂದ, ಹಿಂದೆ ಜಂಬಯ್ಯ, ಅವನ ಹಿಂದೆ ಶಿವಲೀಲಾ.

"ನೋಡಪ್ಪಾ," ಎಂದರು ಮೇಡಂ. "ಸಾಕಿದ ಪ್ರಾಣಿ ಮಂದಿಗೆ ಪೆಟ್ಟು ಮಾಡದಂಗ ನೋಡ್ಕಳ್ಳದಿದ್ರ ಸೆಕ್ಷನ್ ಇನ್ನೂರಾ ತೊಂಬತ್ತೊಂದು. ಆರು ತಿಂಗಳ ತನಕ ಜೈಲು, ಇಲ್ಲಾ ಐದು ಸಾವಿರದ ತನಕ ದಂಡ, ಇಲ್ಲಾ ಎರಡೂ."

"ಇನ್ನೂರಾ ಎಂಬತ್ತೊಂಬತ್ತು ಅಲ್ಲೇನ್ರಿ ಮೇಡಂ?" ಜಂಬಯ್ಯ ಕೇಳಿದ.

"ತಾತಾ, ಅದು ಹಳೇ ಕಾನೂನಿಂದು. ಈಗ ಹೊಸಾದು ಬಂದೈತಿ, ನಂಬರೆಲ್ಲ ಬದಲಾದವು."

"ನಂಬರು ಬದಲಾದ್ರ ನ್ಯಾಯ ಬದಲಾಕ್ಕೈತೇನ್ರಿ?"

ಮೇಡಂಗೆ ನಗು ಬಂತು. ಅವರು ಕೆಟ್ಟವರಲ್ಲ. ಬಾಲರಾಜನೂ ಕೆಟ್ಟವನಲ್ಲ. ಒಂದು ಸಲ ಸಾರಿ ಅಂದು ಎಕ್ಸ್‌ರೇ ತೆಗೆಸಿಕೊಟ್ಟರೆ ದೂರು ವಾಪಸು ತೆಗೆದುಕೊಳ್ಳುತ್ತೇನೆ ಎಂದು ತೆಲುಗಿನಲ್ಲಿ ಹೇಳಿದ. "ಕೇಳಿದ್ಯಲ್ಲಾ? ಸಾರಿ ಅಂದುಬಿಡು, ನಿನ್ನ ಸರ್ಟಿಫಿಕೇಟು ಈಗಲೇ ಕೊಟ್ಟುಬಿಡ್ತೀನಿ," ಎಂದರು ಮೇಡಂ.

ಸುಂಕೇಶ ಸಾರಿ ಅನ್ನಲು ಬಾಯಿ ತೆರೆದೂ ಆಗಿತ್ತು. ಜಂಬಯ್ಯ ಹಿಂದಿನಿಂದ ರಟ್ಟೆ ಚಿವುಟಿದ. ತೆರೆದ ಬಾಯಿಯಿಂದ ಬೇರೆಯೇ ಮಾತು ಬಂತು.

"ಮೇಡಂ, ಟಗರು ನಂದಲ್ಲರಿ."

"ಮತ್ತ ಯಾರದು?"

"ಅಮ್ಮಂದ್ರಿ."

"ಯಾರಮ್ಮಂದು? ನಿಮ್ಮಮ್ಮಂದಾ?"

"ಸುಂಕುಲಮ್ಮಂದ್ರಿ. ಹರಕಿ ಟಗರು."

ಶಿವಲೀಲಾ ಸೆರಗಿನೊಳಗೇ ಗೊಣಗಿದಳು: "ನಿನ್ನಿ ತನಕ ನಮ್ಮ ಟಗರು, ನಮ್ಮ ಟಗರು ಅಂತಿದ್ರಿ." ಯಾರೂ ಕೇಳಿಸಿಕೊಳ್ಳಲಿಲ್ಲ.

ಜಂಬಯ್ಯ ಅಂಗಿ ಕೊಡವಿ ಮುಂದೆ ಬಂದ. ಮೂವತ್ತು ವರ್ಷ ಬಾಗಿಲಲ್ಲಿ ನಿಂತವನಿಗೆ ಕೊನೆಗೂ ಒಳಗೆ ಮಾತಾಡುವ ಯೋಗ ಬಂದಿತ್ತು. "ಮೇಡಂ, ಒಬ್ಬರು ಮಾಡಿದ ತಪ್ಪಿಗೆ ಇನ್ನೊಬ್ಬರಿಗೆ ಶಿಕ್ಷಾ ಇಲ್ಲ, ಇದು ಕಾನೂನಿನ ಬುಡ. ಮನಸಿನಾಗ ಕೆಟ್ಟ ಉದ್ದೇಶ ಇರಬೇಕು, ಇಲ್ಲಾ ಮಾಡೋ ಕೆಲಸ ಬಿಟ್ಟಿರಬೇಕು. ಟಗರು ಇವಂದೇ ಅಲ್ಲ ಅಂದ ಮ್ಯಾಲ ಇವನ ಕೆಲಸ ಏನೈತಿ ಅದರಾಗ? ಇವಂದು ಅಂತ ಸಾಬೀತು ಮಾಡೋ ಭಾರ ದೂರು ಕೊಟ್ಟವರ ಮ್ಯಾಲ. ಸಂಶಯ ಬಂತೋ, ಅದರ ಲಾಭ ನಮ್ಮ ಹುಡುಗಂಗ!"

ಮೇಡಂ ಪೆನ್ನು ಕೆಳಗಿಟ್ಟರು. ಮಾತಿನಲ್ಲಿ ಹುರುಳಿತ್ತು. ಬರೆಯುತ್ತ ಕುಳಿತಿದ್ದ ಕಾನ್‌ಸ್ಟೇಬಲ್ ಶ್ರೀರಾಮುಲು ತಲೆ ಎತ್ತಿದ. "ಮೇಡಂ, ಹಂಗಾದ್ರ ಆರೋಪಿ ಸುಂಕುಲಮ್ಮ ಅಂತ ಬರೀಲಾ? ವಯಸ್ಸು ಎಷ್ಟಂತ ಹಾಕ್ಲಿ?"

ಮೇಡಂ ನೋಡಿದ ನೋಟಕ್ಕೆ ಅವನು ಮತ್ತೆ ತಲೆ ಎತ್ತಲಿಲ್ಲ.

"ಅಮ್ಮಂದು ಅನ್ನಾಕ ಸಾಕ್ಷಿ?" ಎಂದರು ಮೇಡಂ.

ಸಾಕ್ಷಿಗೇನು ಬರವೆ? ಫೋನು ಹೋದ ಅರ್ಧ ತಾಸಿಗೆ ಗುಡಿಯ ಪೂಜಾರಿ ಆದೆಪ್ಪ ಹತ್ತು ಮಂದಿ ಹಿರಿಯರನ್ನು ಒಂದೇ ಆಟೋದಲ್ಲಿ ತುಂಬಿಕೊಂಡು ಬಂದ. ಅಮ್ಮನ ಟಗರನ್ನು ಸುಂಕೇಶನದು ಅನ್ನುತ್ತಾರೆ ಎಂದರೆ ಅದು ಸುಂಕೇಶನ ಕೇಸಾಗಿ ಉಳಿಯಲಿಲ್ಲ, ಊರಿನ ಮಾನದ ಪ್ರಶ್ನೆಯಾಯಿತು.

"ದಾರ ಕಟ್ಟಿ ಬಿಟ್ಟ ದಿನಾನೇ ಅದು ಅಮ್ಮನ ಸ್ವತ್ತು ರೀ ಮೇಡಂ!" ಆದೆಪ್ಪ ಗುಡುಗಿದ. "ಗುಡಿ ಪುಸ್ತಕದಾಗ ಬರದೀವಿ. ಇವನೇನು, ಇವನ ಅಪ್ಪ ಬಂದ್ರೂ ಅದರ ಒಂದು ರೋಮದ ಮ್ಯಾಲ ಹಕ್ಕಿಲ್ಲ!"

"ಹೌದ್ರಿ, ಹೌದ್ರಿ," ಎಂದರು ಹತ್ತು ಮಂದಿಯೂ.

ಮೇಡಂ ಸುಂಕೇಶನ ಕಡೆ ತಿರುಗಿದರು. "ಸರಿಯಾಗಿ ಯೋಚನಿ ಮಾಡಿ ಹೇಳು. ಆ ಟಗರಿನ ಮ್ಯಾಲ ನಿಂಗ ಯಾವ ಹಕ್ಕೂ ಇಲ್ಲ?"

"ಇಲ್ರಿ."

"ಆವತ್ತಿಂದಲೂ ಇಲ್ಲ?"

"ಒಂದು ರೋಮದ ಮ್ಯಾಲೂ ಇಲ್ರಿ!" ಸುಂಕೇಶನ ದನಿ ಏರಿತ್ತು. ಅವನಿಗೆ ಕೇಸಿನ ಭಯ ಹೋಗಿ ಕೇಸಿನ ರುಚಿ ಹತ್ತಿತ್ತು.

ಶ್ರೀರಾಮುಲು ಅದನ್ನೆಲ್ಲ ಬರೆದು ಓದಿ ಹೇಳಿದ. ಸುಂಕೇಶ ಸಹಿ ಹಾಕಿದ. ಸಾಕ್ಷಿಗಳೆಂದು ಆದೆಪ್ಪನೂ ಜಂಬಯ್ಯನೂ ಹಾಕಿದರು. ಜಂಬಯ್ಯನಂತೂ ಹೆಸರಿನ ಕೆಳಗೆ ಎರಡು ಗೆರೆ ಎಳೆದ. ಮೇಡಂ ಬಾಲರಾಜನಿಗೆ, ಟಗರು ಈತನದಲ್ಲ ಅಂದ ಮೇಲೆ ಈತನ ಮೇಲೆ ಕೇಸು ಹಾಕಲು ಬರುವುದಿಲ್ಲ ಎಂದು ತಿಳಿಸಿದರು. ಬಾಲರಾಜ ಗೋಡೆಗೆ ಹಣೆ ಒತ್ತಿ ನಿಂತ.

ಗೆಲುವು! ಹೊರಗೆ ಬೇವಿನ ಮರದ ಕೆಳಗೆ ಹತ್ತು ಮಂದಿ ಸೇರಿ ನೂರು ಮಂದಿಯ ಗದ್ದಲ ಮಾಡಿದರು. ಎಲ್ಲರಿಗೂ ಟೀ ಬಂತು, ಮಿರ್ಚಿ ಬಜ್ಜಿ ಬಂತು. ಒಬ್ಬರು ಜಂಬಯ್ಯನ ಕೊರಳಿಗೆ ತಮ್ಮ ಟವೆಲ್ಲೇ ಹಾಕಿ ಸನ್ಮಾನ ಮಾಡಿದರು. "ಸಾರಿ ಅಂತಾನೂ ಅನ್ನಲಿಲ್ಲ ನೋಡ್ರಿ, ಒಂದು ಪೈಸಾ ಬಿಚ್ಚಲಿಲ್ಲ!" ಎಂದು ಸುಂಕೇಶ ಅದನ್ನೇ ನಾಲ್ಕು ಸಲ ಹೇಳಿದ. ನಿಜ ಹೇಳಬೇಕೆಂದರೆ ಆ ಮನುಷ್ಯ ಹುಟ್ಟಿದಾಗಿನಿಂದ ಯಾರ ಎದುರಿಗೂ ಗೆದ್ದವನಲ್ಲ, ಕುರಿಗಳ ಎದುರಿಗೆ ಕೂಡ. ಅವನ ಕಣ್ಣಲ್ಲಿ ನೀರೇ ಬಂದಿತ್ತು, ಶಿವಲೀಲಾ ಕೂಡ ಅರೆಗಳಿಗೆ ಹೆಮ್ಮೆಯಿಂದ ಅವನನ್ನು ನೋಡಿದಳು.

ಮೂರು ಗಂಟೆಗೆ ಒಳಗಿಂದ ಕರೆ ಬಂತು, ಎಲ್ಲರೂ ಒಳಗೆ ನುಗ್ಗಿದರು; ಬಾಲರಾಜ ಇನ್ನೂ ಗೋಡೆಗೆ ಆತುಕೊಂಡೇ ನಿಂತಿದ್ದ. ಸರ್ಟಿಫಿಕೇಟು ಸಿದ್ಧವಾಗಿತ್ತು. ಸಹಿ ಬಿದ್ದಿತ್ತು, ಸೀಲಿನ ಮಸಿ ಇನ್ನೂ ಹಸಿಯಾಗಿತ್ತು. ಸುಂಕೇಶ ಎರಡೂ ಕೈ ಚಾಚಿದ.

"ತಗಾ. ಆದ್ರ ಒಂದು ಕೆಲಸ ಐತಿ," ಎಂದರು ಮೇಡಂ. "ನಾಳೆ ಅದು ಮತ್ತೊಬ್ಬರನ್ನ ಗುದ್ದಬಾರದು. ಇನ್ನ ಮ್ಯಾಲ ಗುಡಿಯವರೇ ಅದನ್ನ ಕಟ್ಟಿ ಸಾಕ್ಲಿ. ನೀ ಹೋಗಿ ಟಗರು ಹಿಡಕೊಂಡು ಬಂದು ಆದೆಪ್ಪನವರಿಗೆ ಒಪ್ಪಿಸು. ಎಲ್ಲೈತಿ ಅದು?"

ಸುಂಕೇಶನ ಕೈ ಗಾಳಿಯಲ್ಲೇ ನಿಂತಿತು. ಹುಡುಕಿ ತರುತ್ತೇನೆ ಎಂದು ಅವನು ಅಂದುಬಿಟ್ಟಿದ್ದರೆ ಏನಾಗುತ್ತಿತ್ತೋ. ಆದರೆ ಜಂಬಯ್ಯನ ತಲೆಯಿಂದ ಸನ್ಮಾನದ ಅಮಲು ಇನ್ನೂ ಇಳಿದಿರಲಿಲ್ಲ.

"ಇನ್ನೆಲ್ಲಿ ಟಗರು ಮೇಡಂ?" ಅವನು ಎದೆ ಉಬ್ಬಿಸಿ ನಕ್ಕ. "ನಾನು ಅಷ್ಟೂ ತಿಳಿಲಾರದವನಾ? ನೀವು ಫೋನು ಮಾಡೋಕಿಂತ ಮುಂಚೇನೇ ಅಂಜಿನಪ್ಪಂಗ ಮಾರಿಸಿಬಿಟ್ಟೀನಿ! ಇಷ್ಟೊತ್ತಿಗೆ ಆದೋನ್ಯಾಗ ಮಟನ್ ಆಗಿ ತೂಕಕ್ಕ ಬಂದಿರತೈತಿ."

ಆದೆಪ್ಪ ಜಂಬಯ್ಯನನ್ನು ಪಕ್ಕಕ್ಕೆ ಸರಿಸಿ ಸುಂಕೇಶನ ಎದುರಿಗೆ ಬಂದ.

"ಅಮ್ಮನ ಟಗರು ಮಾರಿದ್ಯಾ?" ಆದೆಪ್ಪನ ದನಿ ಈಗ ಗುಡುಗಲಿಲ್ಲ, ಮೆಲ್ಲಗೆ ಬಂತು. ಅದೇ ಹೆಚ್ಚು ಭಯಂಕರವಾಗಿತ್ತು. "ಮೇಡಂ, ನನ್ನ ದೂರು ಬರಕೊಳ್ರಿ."

ಮೇಡಂ ಸರ್ಟಿಫಿಕೇಟನ್ನು ನಿಧಾನವಾಗಿ ತಮ್ಮ ಕಡೆಗೆ ಎಳೆದುಕೊಂಡರು. "ಇನ್ನೊಬ್ಬರ ಸ್ವತ್ತು ಅಂತ ಗೊತ್ತಿದ್ದೂ ತನ್ನದಂಗ ಮಾರಿಕೊಂಡ್ರ ಸೆಕ್ಷನ್ ಮುನ್ನೂರಾ ಹದಿನಾಲ್ಕು. ಇದಕ್ಕ ಉದ್ದೇಶ ಬೇಕು. ಗೊತ್ತಿತ್ತು ಅಂತ ನೀನೇ ಸಹಿ ಹಾಕಿ ಕೊಟ್ಟಿ."

"ಶಿಕ್ಷಾ?" ಎಂದ ಸುಂಕೇಶ.

"ಬೆಳಿಗ್ಗೆ ಹೇಳಿದ್ನಲ್ಲ, ಅದರಾಗ ಹೆಚ್ಚು ಅಂದ್ರ ಆರು ತಿಂಗಳು, ಬರೇ ದಂಡಕ್ಕೂ ಮುಗೀತಿತ್ತು. ಇದರಾಗ ಕಡಿಮಿ ಅಂದ್ರನೇ ಆರು ತಿಂಗಳು. ಮ್ಯಾಲಕ್ಕ ಎರಡು ವರ್ಷದ ತನಕ ಐತಿ, ದಂಡ ಬ್ಯಾರೆ. ಮಾರು ಅಂತ ಹೇಳಿಕೊಟ್ಟವರಿಗೂ ಅಷ್ಟೇ ಶಿಕ್ಷಾ. ತಾತಾ, ಕುಂದರ್ರಿ. ಶ್ರೀರಾಮುಲು, ಇವರದು ಎರಡನೇ ಹೆಸರು."

ಸುಂಕೇಶ ಸುತ್ತ ನೋಡಿದ. ಮಿರ್ಚಿ ತಿಂದ ಹತ್ತು ಮಂದಿಯೂ ಆದೆಪ್ಪನ ಹಿಂದೆ ಹೋಗಿ ನಿಂತಿದ್ದರು. ಅವನು ಮೇಜಿನ ಮೇಲೆ ಬಿದ್ದು ಕೂಗಿದ.

"ಮೇಡಂ, ಟಗರು ನಂದೇ ರೀ! ನಮ್ಮ ಹಿಂಡಿನಾಗ ಹುಟ್ಟಿದ್ದು! ಬಾಲರಾಜ ಸಾರ್, ನನ್ನ ಟಗರೇ ನಿಮ್ಮನ್ನ ಗುದ್ದಿದ್ದು, ಸಾರಿ ಸಾರ್, ದೊಡ್ಡ ಸಾರಿ!"

"ಹಂಗಂತೀಯಾ?" ಮೇಡಂ ಅವನ ಸಹಿ ಇದ್ದ ಹೇಳಿಕೆಯನ್ನು ಮುಂದಿಟ್ಟರು. "ಹಂಗಾದ್ರ ಇದು ಸುಳ್ಳು ಅಂತ ಬರಕೊಡು. ಮೊದಲನೇ ಕೇಸು ತಿರುಗಿ ಎದ್ದು ಕುಂದ್ರತೈತಿ. ಪೊಲೀಸರಿಗೆ ಸುಳ್ಳು ಹೇಳಿದ್ದು ಇನ್ನೊಂದು ಕೇಸು. ಯಾವುದು ಬೇಕು, ನೀನೇ ಆರಿಸ್ಕ."

ಶಿವಲೀಲಾ ತಲೆಯ ಮೇಲೆ ಕೈ ಹೊತ್ತು ಕುಳಿತಳು. ಸರ್ಟಿಫಿಕೇಟು ಡ್ರಾಯರಿನೊಳಗೆ ಹೋಯಿತು, ಬೀಗವೂ ಬಿತ್ತು. ಪೆನ್ನು ಹಿಡಿದ ಸುಂಕೇಶನ ಕೈ ಆ ಕಾಗದಕ್ಕೂ ಈ ಕಾಗದಕ್ಕೂ ನಡುವೆ ಓಡಾಡುತ್ತಿರುವಾಗ, ಬೆಂಚಿನ ಮೇಲೆ ಕುಳಿತಿದ್ದ ಎರಡನೇ ಆರೋಪಿ ಜಂಬಯ್ಯ ಅವನ ರಟ್ಟೆ ಹಿಡಿದು ಜಗ್ಗಿದ.

"ಏ ಸುಂಕೇಶಾ, ಹುಚ್ಚಗಿಚ್ಚ ಹಿಡದೈತೇನಲೇ?" ಅವನು ಕಿವಿಯಲ್ಲಿ ಪಿಸುಗುಟ್ಟಿದ. "ಮೊದಲನೇ ಕೇಸಿಗೆ ಮಾತ್ರ ಕೈ ಹಚ್ಚಬ್ಯಾಡ. ಅದು ನಾವು ಗೆದ್ದ ಕೇಸು!"